ಸಹನೆಯ ಕಾಯಕಯೋಗಿ: ಡಾಕ್ಟರ್ ಕಾತ್ಸುಸಾಬುರೊ ಯಾಮಾಗಿವ

ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹೇಮಾವತಿ ನದಿಯು ಹುಟ್ಟುತ್ತದೆ. ಸಹ್ಯಾದ್ರಿಯ ಮಡಿಲಲ್ಲಿ, ಕಾಫಿ ತೋಟಗಳ ನೆರಳಿನಲ್ಲಿ ಸಣ್ಣದೊಂದು ಒರತೆಯಾಗಿ ಕಾಣಿಸಿಕೊಳ್ಳುವ ಆ ನೀರು ಮುಂದೆ ಗೊರೂರಿನ ಜಲಾಶಯವನ್ನು ತುಂಬಿ, ಬಯಲುಸೀಮೆಯ ಹೊಲಗದ್ದೆಗಳನ್ನು ತಣಿಸಿ, ಕೃಷ್ಣರಾಜಸಾಗರದಲ್ಲಿ ಕಾವೇರಿಯೊಡನೆ ಒಂದಾಗುತ್ತದೆ. ಮೂಲದಲ್ಲಿ ಬಿದ್ದ ಕಲ್ಮಶವು ಕೆಳಗಿನ ಊರುಗಳನ್ನೆಲ್ಲ ಮುಟ್ಟುತ್ತದೆಂಬುದನ್ನು ಮಲೆನಾಡಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದಕಾರಣವೇ ಹಿರಿಯರು ನೀರಿನ ಕಣ್ಣನ್ನು ದೇವರ ನೆಲೆಯೆಂದು ಭಾವಿಸಿ ಕಾಪಾಡಿಕೊಂಡು ಬಂದರು.

ಮನುಷ್ಯನ ಶರೀರವೂ ಕೋಟ್ಯನುಕೋಟಿ ಒರತೆಗಳ ಒಂದು ನಾಡೇ ಸರಿ. ಜೀವಕೋಶವೆಂಬ ಒಂದೊಂದು ಒರತೆಯೂ ತನ್ನ ಅಳತೆಯನ್ನರಿತು ಹರಿಯುವವರೆಗೆ ಶರೀರವು ಆರೋಗ್ಯದಿಂದಿರುತ್ತದೆ. ಎಲ್ಲೋ ಒಂದು ಕೋಶವು ಅಳತೆ ಮೀರಿ ಬೆಳೆಯತೊಡಗಿದರೆ ಅದೇ ಅರ್ಬುದ, ಅಂದರೆ ಕ್ಯಾನ್ಸರ್ ರೋಗದ ಆರಂಭ. ಆ ಕೋಶಕ್ಕೆ ಬಿದ್ದ ಕಲ್ಮಶ ಯಾವುದು? ಅದು ಹೊರಗಿನಿಂದ ಬಂದದ್ದೋ, ಒಳಗೇ ಹುಟ್ಟಿದ್ದೋ? ಈ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೂ ಖಚಿತವಾದ ಉತ್ತರವಿರಲಿಲ್ಲ. ಊಹೆಗಳಿದ್ದವು, ವಾದವಿವಾದಗಳಿದ್ದವು, ಪ್ರಯೋಗದ ಸಾಕ್ಷ್ಯವಿರಲಿಲ್ಲ. ಆ ಸಾಕ್ಷ್ಯವನ್ನು 1915ರಲ್ಲಿ ಜಗತ್ತಿನ ಮುಂದಿಟ್ಟ ಮಹನೀಯರೇ ಜಪಾನ್ ದೇಶದ ರೋಗವಿಜ್ಞಾನಿ ಡಾಕ್ಟರ್ ಕಾತ್ಸುಸಾಬುರೊ ಯಾಮಾಗಿವ. ಕ್ಷಯರೋಗದಿಂದ ಜರ್ಝರಿತವಾದ ಶರೀರವನ್ನೇ ಉಪಕರಣವನ್ನಾಗಿ ಮಾಡಿಕೊಂಡು, ಲೋಕದ ಅತ್ಯುನ್ನತ ಗೌರವವು ಕೈತಪ್ಪಿದಾಗಲೂ ಕೆಲಸವನ್ನು ಬಿಡದೆ ನಡೆದ ಅವರ ಬಾಳು ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಸಮಾನವಾಗಿ ಮನನೀಯವಾದುದು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಯಾಮಾಗಿವ ಅವರು 1863ನೆಯ ಇಸವಿ ಫೆಬ್ರವರಿ 23ರಂದು ಜಪಾನಿನ ಶಿನಾನೊ ಪ್ರಾಂತದ ಉಯೆದಾ ಎಂಬ ಊರಿನಲ್ಲಿ ಜನಿಸಿದರು. ಇಂದು ನಾಗಾನೊ ಪ್ರಾಂತಕ್ಕೆ ಸೇರಿರುವ ಆ ಊರು ಬೆಟ್ಟಗಳಿಂದ ಸುತ್ತುವರಿದುದು, ರೇಷ್ಮೆಗೆ ಹೆಸರಾದುದು. ತಂದೆಯವರದು ಯಾಮಾಮೊತೊ ಎಂಬ ಸಾಮುರಾಯ್ ಮನೆತನ. ಅಂದರೆ ಅಲ್ಲಿನ ಪಾಳೆಯಗಾರರ ಆಶ್ರಯದಲ್ಲಿ ಬಾಳಿದ ಯೋಧರ ಕುಲ. ಕಾತ್ಸುಸಾಬುರೊ ಆ ಮನೆಯ ಮೂರನೆಯ ಮಗ. ಬಾಲಕನು ಕಣ್ಣುಬಿಟ್ಟು ಲೋಕವನ್ನು ನೋಡುವಷ್ಟರಲ್ಲಿ ದೇಶದ ವ್ಯವಸ್ಥೆಯೇ ಬದಲಾಯಿತು. 1868ರಲ್ಲಿ ಮೇಜಿ ಯುಗ ಮೊದಲಾಯಿತು. 1871ರಲ್ಲಿ ಪಾಳೆಯಪಟ್ಟುಗಳು ರದ್ದಾದವು. ಅವುಗಳನ್ನೇ ನೆಚ್ಚಿಕೊಂಡಿದ್ದ ಸಾಮುರಾಯ್ ಕುಟುಂಬಗಳ ವರಮಾನಕ್ಕೆ ಕುತ್ತು ಬಂದಿತು. ಕತ್ತಿಯನ್ನು ನಂಬಿದ್ದ ಮನೆಗಳ ಮಕ್ಕಳು ಪುಸ್ತಕವನ್ನು ನಂಬಬೇಕಾದ ಕಾಲ ಅದು.

ಆ ಹುಡುಗನ ಬುದ್ಧಿಯನ್ನು ಗುರುತಿಸಿ ಆಶ್ರಯವಿತ್ತವರು ಟೋಕಿಯೋ ನಗರದಲ್ಲಿ ವೈದ್ಯವೃತ್ತಿಯಲ್ಲಿದ್ದ ಯಾಮಾಗಿವ ಮನೆಯವರು. ಜಪಾನಿನ ಸಂಪ್ರದಾಯದಂತೆ ಅವರು ಈ ತರುಣನನ್ನು ದತ್ತು ತೆಗೆದುಕೊಂಡರು. ಮುಂದೆ ತಮ್ಮ ಮಗಳನ್ನೂ ಅವರಿಗೆ ಕೊಟ್ಟು ವಿವಾಹ ಮಾಡಿದರು. ಹೀಗೆ ಯಾಮಾಮೊತೊ ಮನೆಯ ಮಗ ಯಾಮಾಗಿವ ಎಂಬ ಹೆಸರಿನಿಂದ ಲೋಕಪ್ರಸಿದ್ಧನಾಗುವಂತಾಯಿತು. ನಾಡಿನ ಮಠಮಾನ್ಯಗಳ ಉಚಿತ ಪ್ರಸಾದನಿಲಯಗಳಲ್ಲಿ ಉಂಡು, ಓದಿ, ಬೆಳೆದು ದೊಡ್ಡವರಾದ ಸಹಸ್ರಾರು ಜನರಿಗೆ ಈ ಸಂಗತಿಯ ಬೆಲೆ ಚೆನ್ನಾಗಿ ತಿಳಿದಿದೆ. ಹೊತ್ತಿಗೆ ಸರಿಯಾಗಿ ದೊರೆತ ಅನ್ನ, ನೆರಳು, ವಿದ್ಯೆಗಳು ಎಂಥ ಫಲವನ್ನು ಕೊಡಬಲ್ಲವೆಂಬುದು ದಾನಿಗಳಿಗೆ ದಾನ ಮಾಡಿದ ಗಳಿಗೆಯಲ್ಲಿ ಗೋಚರವಾಗುವುದಿಲ್ಲ. ಟೋಕಿಯೋದ ಆ ಮನೆಯವರಿಗೂ ಗೋಚರವಾಗಿರಲಾರದು.

ಆ ಕಾಲದ ಜಪಾನಿನ ವೈದ್ಯಶಿಕ್ಷಣವು ಜರ್ಮನ್ ಪದ್ಧತಿಯನ್ನು ಅನುಸರಿಸಿತ್ತು. ಜರ್ಮನ್ ಭಾಷೆಯನ್ನು ಕಲಿತು, ವಿಶ್ವವಿದ್ಯಾನಿಲಯವನ್ನು ಸೇರಿ, 1888ರಲ್ಲಿ ಯಾಮಾಗಿವ ಅವರು ವೈದ್ಯಪದವಿಯನ್ನು ಪಡೆದರು. ಹಣವನ್ನೂ ಜನಪ್ರಿಯತೆಯನ್ನೂ ತರುವ ಚಿಕಿತ್ಸಾವೃತ್ತಿಯ ಕಡೆಗೆ ಅವರ ಮನಸ್ಸು ಒಲಿಯಲಿಲ್ಲ. ರೋಗವು ಶರೀರದಲ್ಲಿ ಎಲ್ಲಿ ಹುಟ್ಟುತ್ತದೆ, ಹೇಗೆ ಹಬ್ಬುತ್ತದೆ ಎಂಬುದನ್ನು ಸೂಕ್ಷ್ಮದರ್ಶಕದಡಿ ಶೋಧಿಸುವ ರೋಗವಿಜ್ಞಾನವನ್ನು, ಅಂದರೆ ಪೆಥಾಲಜಿಯನ್ನು, ಅವರು ತಮ್ಮ ಕ್ಷೇತ್ರವನ್ನಾಗಿ ಆರಿಸಿಕೊಂಡರು.

ಗುರುವಿನ ಸನ್ನಿಧಿಯಲ್ಲಿ

1890ರ ದಶಕದ ಆರಂಭದಲ್ಲಿ ಸರ್ಕಾರವು ಅವರನ್ನು ಜರ್ಮನಿಗೆ ಕಳುಹಿಸಿಕೊಟ್ಟಿತು. ಅಲ್ಲಿ ಅವರು ಕ್ಷಯರೋಗದ ಕ್ರಿಮಿಯನ್ನು ಕಂಡುಹಿಡಿದ ರಾಬರ್ಟ್ ಕಾಕ್ ಅವರ ಬಳಿ ಕೆಲಕಾಲವಿದ್ದು, ಬಳಿಕ ಬರ್ಲಿನ್ ನಗರದಲ್ಲಿ ರೋಗವಿಜ್ಞಾನದ ಪಿತಾಮಹರೆನಿಸಿದ ರೂಡಾಲ್ಫ್ ವಿರ್ಖೋ ಅವರ ಶಿಷ್ಯರಾದರು. ರೋಗವೆಂಬುದು ಮೂಲತಃ ಜೀವಕೋಶದ ರೋಗ ಎಂಬುದು ವಿರ್ಖೋ ಅವರ ಸಿದ್ಧಾಂತ. ಶರೀರದ ಒಂದೇ ಭಾಗವು ದೀರ್ಘಕಾಲ ಕೆರಳುತ್ತಿದ್ದರೆ ಅಲ್ಲಿ ಅರ್ಬುದ ಹುಟ್ಟುತ್ತದೆಂದೂ ಅವರು ಪ್ರತಿಪಾದಿಸಿದ್ದರು.

ಈ ಮಾತಿಗೆ ಆಧಾರವಿಲ್ಲದೆ ಇರಲಿಲ್ಲ. 1775ರಷ್ಟು ಹಿಂದೆಯೇ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಅವರು ಒಂದು ಮನಕಲಕುವ ಸಂಗತಿಯನ್ನು ದಾಖಲಿಸಿದ್ದರು. ಇಂಗ್ಲೆಂಡಿನ ಮನೆಗಳ ಹೊಗೆಗೂಡುಗಳ ಒಳಗೆ ಎಳೆಯ ಹುಡುಗರನ್ನು ಇಳಿಸಿ ಮಸಿ ತೆಗೆಸುವ ಪದ್ಧತಿ ಆಗ ರೂಢಿಯಲ್ಲಿತ್ತು. ಆ ಹುಡುಗರು ಪ್ರಾಯಕ್ಕೆ ಬಂದ ಮೇಲೆ ಅವರ ವೃಷಣಚೀಲದ ಚರ್ಮಕ್ಕೆ ಅರ್ಬುದ ತಗಲುತ್ತಿತ್ತು. ಚರ್ಮದ ಮಡಿಕೆಗಳಲ್ಲಿ ವರ್ಷಗಟ್ಟಲೆ ನೆಲೆನಿಂತ ಮಸಿಯೇ ಅದಕ್ಕೆ ಕಾರಣವೆಂದು ಪಾಟ್ ತಿಳಿಸಿದರು. ಮುಂದೆ ಕಲ್ಲಿದ್ದಲ ಡಾಂಬರಿನ ಕಾರ್ಖಾನೆಗಳ ಕೂಲಿಗಾರರ ಚರ್ಮದಲ್ಲಿಯೂ ಅದೇ ರೋಗ ಕಂಡುಬಂದಿತು. ಆದರೂ ಇದು ಅನುಭವದಿಂದ ಕಟ್ಟಿದ ಅನುಮಾನವಾಗಿತ್ತೇ ವಿನಾ ಪ್ರಯೋಗದಿಂದ ದೃಢಪಟ್ಟ ಸತ್ಯವಾಗಿರಲಿಲ್ಲ. ಭ್ರೂಣಾವಸ್ಥೆಯಲ್ಲಿ ಉಳಿದುಹೋದ ಕೋಶಗಳೇ ಅರ್ಬುದಕ್ಕೆ ಕಾರಣವೆಂದು ಕೆಲವರು, ಪರೋಪಜೀವಿಗಳಿಂದ ಅದು ಬರುತ್ತದೆಂದು ಮತ್ತೆ ಕೆಲವರು ವಾದಿಸುತ್ತಿದ್ದರು.

1894ರಲ್ಲಿ ಸ್ವದೇಶಕ್ಕೆ ಮರಳಿದ ಯಾಮಾಗಿವ ಅವರು ಮರುವರ್ಷವೇ ಟೋಕಿಯೋ ಸಾಮ್ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ರೋಗವಿಜ್ಞಾನದ ಪ್ರಾಧ್ಯಾಪಕರಾದರು. ಗುರುವಿನಿಂದ ಪಡೆದ ವಿಚಾರವನ್ನು ಪ್ರಯೋಗದ ಒರೆಗಲ್ಲಿಗೆ ಹಚ್ಚಬೇಕೆಂಬ ಸಂಕಲ್ಪ ಅವರಲ್ಲಿ ಬೇರೂರಿತು. ಆದರೆ ಅದು ಕೈಗೂಡಲು ಸುಮಾರು ಇಪ್ಪತ್ತು ವರ್ಷಗಳು ಬೇಕಾದವು.

ಆ ಅವಧಿಯ ಮೊದಲಲ್ಲಿಯೇ ವಿಧಿಯು ಅವರನ್ನು ಪರೀಕ್ಷಿಸಿತು. 1899ರಲ್ಲಿ ಅವರಿಗೆ ಕ್ಷಯರೋಗ ತಗಲಿತು. ಆ ಕಾಲದಲ್ಲಿ ಅದಕ್ಕೆ ಔಷಧಿಯಿರಲಿಲ್ಲ, ವಿಶ್ರಾಂತಿಯೊಂದೇ ಚಿಕಿತ್ಸೆ. ಮೂವತ್ತಾರರ ಹರೆಯದಲ್ಲಿ ಬಂದ ಆ ವ್ಯಾಧಿಯ ನೆರಳಿನಲ್ಲಿಯೇ ಅವರು ಉಳಿದ ಮೂವತ್ತು ವರ್ಷಗಳನ್ನು ಕಳೆದರು. ಆದರೂ ಪಾಠಪ್ರವಚನಗಳನ್ನು ಬಿಡಲಿಲ್ಲ. ಜಠರದ ಅರ್ಬುದವನ್ನು ಕುರಿತು ಆಳವಾದ ಅಧ್ಯಯನ ನಡೆಸಿ ಗ್ರಂಥವನ್ನು ಪ್ರಕಟಿಸಿದರು. 1907ರಲ್ಲಿ ಅರ್ಬುದ ಸಂಶೋಧನೆಗೆಂದೇ ಮೀಸಲಾದ ಪತ್ರಿಕೆಯೊಂದನ್ನು ಆರಂಭಿಸಿದರು. ಅಂದು ಏಷ್ಯಾ ಖಂಡದಲ್ಲಿ ಅಂಥ ಪತ್ರಿಕೆ ಅಪೂರ್ವವಾಗಿತ್ತು.

ಮೊಲದ ಕಿವಿ, ಕಲ್ಲಿದ್ದಲ ಡಾಂಬರು

1913ರಲ್ಲಿ ಕೊಯಿಚಿ ಇಚಿಕಾವ ಎಂಬ ತರುಣರು ಸಂಶೋಧನೆಗೆಂದು ಯಾಮಾಗಿವ ಅವರ ಬಳಿಗೆ ಬಂದರು. ಇಚಿಕಾವ ಪಶುವೈದ್ಯಶಾಸ್ತ್ರದ ಪದವೀಧರರು. ಪ್ರಾಣಿಗಳ ಪಾಲನೆಯಲ್ಲಿ ನುರಿತವರು. ಗುರುಶಿಷ್ಯರಿಬ್ಬರೂ ಕೂಡಿ ಪ್ರಯೋಗವೊಂದನ್ನು ಕೈಗೊಂಡರು. ಮೊಲದ ಕಿವಿಯ ಒಳಮೈಗೆ ಎರಡು ಮೂರು ದಿನಗಳಿಗೊಮ್ಮೆ ಕಲ್ಲಿದ್ದಲ ಡಾಂಬರನ್ನು ಬಳಿಯುವುದು, ಏನಾಗುತ್ತದೆಂದು ನೋಡಿ ಬರೆದಿಡುವುದು, ಪ್ರಯೋಗವೆಂದರೆ ಇಷ್ಟೇ. ಕಿವಿಯ ಒಳಮೈಯಲ್ಲಿ ರೋಮವು ವಿರಳ. ಅಲ್ಲಾಗುವ ಬದಲಾವಣೆ ಬರಿಗಣ್ಣಿಗೂ ಕಾಣುತ್ತದೆ.

ಈ ಪ್ರಯೋಗವನ್ನು ಯೂರೋಪಿನಲ್ಲಿ ಅದಾಗಲೇ ಹಲವರು ಮಾಡಿ ಸೋತಿದ್ದರು. ಕೆಲವರು ಆರಿಸಿಕೊಂಡ ಪ್ರಾಣಿ ತಕ್ಕುದಾಗಿರಲಿಲ್ಲ. ಇನ್ನು ಕೆಲವರು ಕೆಲವು ವಾರ ಬಳಿದು, ಏನೂ ಆಗಲಿಲ್ಲವೆಂದು ಕೈಬಿಟ್ಟಿದ್ದರು. ಮನುಷ್ಯರಲ್ಲಿ ಮಸಿಯ ದೋಷವು ಫಲಿಸಲು ಹತ್ತಾರು ವರ್ಷ ಬೇಕಾಗುತ್ತದೆಂಬುದನ್ನು ಯಾಮಾಗಿವ ಅವರು ಗಮನಿಸಿದ್ದರು. ಆದ್ದರಿಂದ ಕಾಲವೇ ಈ ಪ್ರಯೋಗದ ಮುಖ್ಯ ದ್ರವ್ಯವೆಂದು ಅವರು ತಿಳಿದರು. ದಿನಗಳು ವಾರಗಳಾದವು, ವಾರಗಳು ತಿಂಗಳುಗಳಾದವು. ಅನೇಕ ಮೊಲಗಳು ನಡುವೆಯೇ ಸತ್ತವು. ಮೊದಲು ಚರ್ಮವು ದಪ್ಪಗಾಯಿತು. ಬಳಿಕ ನರೂಲಿಯಂಥ ಗಂಟುಗಳೆದ್ದವು. ಅವು ಇನ್ನೂ ಅರ್ಬುದವಲ್ಲ. ಇಚಿಕಾವ ಡಾಂಬರು ಬಳಿಯುವುದನ್ನು ನಿಲ್ಲಿಸಲಿಲ್ಲ. ಗುರುಗಳು ನಿಲ್ಲಿಸಲು ಹೇಳಲಿಲ್ಲ.

ಕೊನೆಗೆ 1915ರಲ್ಲಿ, ಕೆಲವು ಮೊಲಗಳ ಕಿವಿಯ ಗಂಟುಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದಾಗ, ಮೇಲ್ಪದರದ ಕೋಶಗಳು ತಮ್ಮ ಎಲ್ಲೆಯನ್ನು ದಾಟಿ ಒಳಗಿನ ಮಾಂಸಕ್ಕೆ ನುಗ್ಗಿರುವುದು ಕಂಡುಬಂದಿತು. ಅದು ನಿಸ್ಸಂದೇಹವಾಗಿ ಅರ್ಬುದ. ಹೊರಗಿನ ಒಂದು ರಾಸಾಯನಿಕ ದ್ರವ್ಯದಿಂದ ಆರೋಗ್ಯವಂತ ಪ್ರಾಣಿಯ ಚರ್ಮದಲ್ಲಿ ಮನುಷ್ಯನು ಬುದ್ಧಿಪೂರ್ವಕವಾಗಿ ಅರ್ಬುದವನ್ನು ಉಂಟುಮಾಡಿ ತೋರಿಸಿದ್ದು ಅದೇ ಮೊದಲು. ಹಾಯಿಕು ಎಂಬ ಕಿರುಗವಿತೆಗಳನ್ನು ರಚಿಸುವ ಹವ್ಯಾಸವಿದ್ದ ಯಾಮಾಗಿವ ಅವರು ಆ ದಿನದ ಧನ್ಯತೆಯನ್ನೂ ಒಂದು ಹಾಯಿಕುವಿನಲ್ಲಿ ಹಿಡಿದಿಟ್ಟರೆಂಬುದು ಪ್ರಸಿದ್ಧವಾಗಿದೆ. ರೋಗವನ್ನು ಉಂಟುಮಾಡಿದ್ದಕ್ಕೆ ವೈದ್ಯರೊಬ್ಬರು ಸಂತೋಷಪಡುವುದು ಮೇಲುನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ಕಾರಣವು ತಿಳಿದ ರೋಗವನ್ನು ತಡೆಯಬಹುದು ಎಂಬ ಭರವಸೆ ಆ ಸಂತೋಷದ ಹಿಂದಿತ್ತು.

ಕೈತಪ್ಪಿದ ಗೌರವ

1919ರಲ್ಲಿ ಜಪಾನಿನ ಸಾಮ್ರಾಜ್ಯ ಅಕಾಡೆಮಿಯು ಗುರುಶಿಷ್ಯರಿಬ್ಬರನ್ನೂ ಗೌರವಿಸಿತು. ನೊಬೆಲ್ ಪಾರಿತೋಷಕಕ್ಕೂ ಯಾಮಾಗಿವ ಅವರ ಹೆಸರು ಒಂದಕ್ಕಿಂತ ಹೆಚ್ಚು ಬಾರಿ ಸೂಚಿತವಾಯಿತು. ಅದೇ ಕಾಲದಲ್ಲಿ ಡೆನ್ಮಾರ್ಕ್ ದೇಶದ ಯೊಹಾನೆಸ್ ಫಿಬಿಗರ್ ಎಂಬ ವಿಜ್ಞಾನಿಯೂ ಪರಿಶೀಲನೆಯಲ್ಲಿದ್ದರು. ಜಿರಳೆಗಳ ಮೂಲಕ ಇಲಿಗಳ ಹೊಟ್ಟೆಯನ್ನು ಸೇರುವ ಒಂದು ಹುಳುವಿನಿಂದ ಜಠರದ ಅರ್ಬುದ ಹುಟ್ಟುತ್ತದೆಂದು ಫಿಬಿಗರ್ 1913ರಲ್ಲಿ ವರದಿ ಮಾಡಿದ್ದರು. 1926ನೆಯ ಸಾಲಿನ ವೈದ್ಯವಿಜ್ಞಾನದ ನೊಬೆಲ್ ಪಾರಿತೋಷಕವು ಫಿಬಿಗರ್ ಒಬ್ಬರಿಗೇ ಸಂದಿತು.

ಕಾಲದ ತೀರ್ಪು ಬೇರೆಯಾಯಿತು. ಫಿಬಿಗರ್ ಅವರ ಪ್ರಯೋಗವನ್ನು ಮುಂದೆ ಪುನಃ ನಡೆಸಿದವರಿಗೆ ಆ ಫಲವು ದೊರೆಯಲಿಲ್ಲ. ಇಲಿಗಳ ಆಹಾರದಲ್ಲಿ ಎ ಜೀವಸತ್ವದ ಕೊರತೆಯಿದ್ದುದು ಅಲ್ಲಿ ಕಂಡ ಬದಲಾವಣೆಗಳಿಗೆ ಮುಖ್ಯ ಕಾರಣವೆಂದೂ, ಅವು ನಿಜವಾದ ಅರ್ಬುದವಲ್ಲವೆಂದೂ 1952ರ ಹೊತ್ತಿಗೆ ಸ್ಪಷ್ಟವಾಯಿತು. ಫಿಬಿಗರ್ ವಂಚಕರಲ್ಲ, ಶ್ರದ್ಧೆಯಿಂದ ದುಡಿದ ವಿಜ್ಞಾನಿಯೇ. ತಮ್ಮ ಕಾಲದ ಜ್ಞಾನದ ಮಿತಿಯಲ್ಲಿ ತಪ್ಪಿದರು, ಅಷ್ಟೇ. ಯಾಮಾಗಿವ ಅವರ ಪ್ರಯೋಗವಾದರೋ ಯಾವ ದೇಶದಲ್ಲಿ ಯಾರು ಮಾಡಿದರೂ ಅದೇ ಫಲವನ್ನು ಕೊಟ್ಟಿತು. 1918ರಲ್ಲಿಯೇ ಜಪಾನಿನ ತ್ಸುತ್ಸುಯಿ ಅವರು ಸುಂಡಿಲಿಗಳ ಬೆನ್ನಿಗೆ ಡಾಂಬರು ಬಳಿದು ಅದನ್ನು ದೃಢಪಡಿಸಿದ್ದರು. ಪಾರಿತೋಷಕವು ಸತ್ಯವನ್ನು ಗುರುತಿಸಬಲ್ಲದು, ಕೆಲವೊಮ್ಮೆ ಗುರುತಿಸಲು ತಪ್ಪಲೂಬಹುದು, ಸತ್ಯವನ್ನು ಹುಟ್ಟಿಸಲಾರದು.

1923ರಲ್ಲಿ ಅಧ್ಯಾಪನದಿಂದ ನಿವೃತ್ತರಾದ ಯಾಮಾಗಿವ ಅವರು 1930ನೆಯ ಇಸವಿ ಮಾರ್ಚ್ 2ರಂದು ಕಾಲವಶರಾದರು. ಇಚಿಕಾವ ಅವರು ಹೊಕ್ಕಾಯ್ಡೊ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿ ಗುರುವಿನ ಕೆಲಸವನ್ನು ಮುಂದುವರಿಸಿದರು.

ಬೀಜವು ಮರವಾದ ಬಗೆ

ಯಾಮಾಗಿವ ಅವರು ಡಾಂಬರಿನ ಕಾರ್ಯವನ್ನು ತೋರಿಸಿದರು. ನೂರಾರು ದ್ರವ್ಯಗಳು ಬೆರೆತ ಆ ಡಾಂಬರಿನಲ್ಲಿ ವಿಷವಾವುದೆಂಬುದನ್ನು ಹೇಳುವ ಸಾಧನಗಳು ಅವರ ಕಾಲದಲ್ಲಿ ಇರಲಿಲ್ಲ. ಆ ಭಾರವನ್ನು ಹೊತ್ತವರು ಲಂಡನ್ನಿನ ಅರ್ನೆಸ್ಟ್ ಕೆನವೇ ಮತ್ತು ಅವರ ಸಹೋದ್ಯೋಗಿಗಳು. ಅವರು ಎರಡು ಟನ್ ಡಾಂಬರುಗಟ್ಟಿಯನ್ನು ಹಂತಹಂತವಾಗಿ ಶೋಧಿಸಿ, 1933ರಲ್ಲಿ ಬೆಂಜೊಪೈರೀನ್ ಎಂಬ ಶುದ್ಧ ದ್ರವ್ಯವನ್ನು ಬೇರ್ಪಡಿಸಿದ ವಿಷಯವನ್ನು ಪ್ರಕಟಿಸಿದರು. ಸೌದೆ, ಕಲ್ಲಿದ್ದಲು, ತಂಬಾಕು ಯಾವುದೇ ಆಗಲಿ, ಅರೆಬರೆ ಉರಿದಾಗ ಹುಟ್ಟುವ ಹೊಗೆಯಲ್ಲಿಯೂ ಮಸಿಯಲ್ಲಿಯೂ ಅದಿರುತ್ತದೆ. ಲಂಡನ್ನಿನ ಆ ಹುಡುಗರ ಚರ್ಮದಲ್ಲಿ ಕುಳಿತಿದ್ದ ಶತ್ರುವಿಗೆ ಒಂದೂವರೆ ಶತಮಾನದ ಬಳಿಕ ಹೆಸರು ದೊರೆಯಿತು.

ಆ ಶತ್ರುವು ಚರ್ಮದ ಕೋಶದೊಳಗೆ ಮಾಡುವ ಕೆಲಸವನ್ನು ಅರಿಯಬೇಕಾದರೆ ಚರ್ಮದ ವ್ಯವಸ್ಥೆಯನ್ನು ಮೊದಲು ತಿಳಿಯಬೇಕು. ಮೇಲ್ಚರ್ಮದ ತಳದ ಸಾಲಿನಲ್ಲಿರುವ ಕೋಶಗಳು ವಿಭಜನೆ ಹೊಂದುತ್ತವೆ. ಹೊಸ ಕೋಶಗಳು ಮೆಲ್ಲಮೆಲ್ಲನೆ ಮೇಲಕ್ಕೆ ಸರಿದು, ಗಟ್ಟಿಯಾಗಿ, ಸುಮಾರು ಒಂದು ತಿಂಗಳ ಅವಧಿಯಲ್ಲಿ ಹೊಟ್ಟಾಗಿ ಉದುರಿಹೋಗುತ್ತವೆ. ಉದುರಿದಷ್ಟೇ ಹುಟ್ಟಬೇಕು, ಗಾಯವಾದರೆ ಕೆಲಕಾಲ ಹೆಚ್ಚು ಹುಟ್ಟಬೇಕು, ಗಾಯ ಮಾಯಿದೊಡನೆ ನಿಲ್ಲಬೇಕು. ಈ ಲೆಕ್ಕವನ್ನು ಕಾಪಾಡುವುದು ಕೋಶಗಳ ನಡುವಣ ಸಂಕೇತ ವ್ಯವಸ್ಥೆ. ಒಂದು ಕೋಶವು ಹೊರಸೂಸಿದ ಸಂದೇಶವಾಹಕ ದ್ರವ್ಯವು ಇನ್ನೊಂದರ ಹೊರಮೈಯಲ್ಲಿರುವ ಗ್ರಾಹಕವೆಂಬ ಬಾಗಿಲಿಗೆ ಬಂದು ತಟ್ಟುತ್ತದೆ. ಬಾಗಿಲಿನ ಒಳಗಿರುವ ಪ್ರೋಟೀನುಗಳು ಒಂದು ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಸುದ್ದಿ ಮುಟ್ಟಿಸುತ್ತ ಕೊನೆಗೆ ಕೋಶದ ಕೇಂದ್ರದಲ್ಲಿರುವ ವಂಶವಾಹಿಗಳಿಗೆ ಅದನ್ನು ಒಪ್ಪಿಸುತ್ತವೆ. ಸುದ್ದಿ ಮುಟ್ಟಿದ ಮೇಲೆ ಸಾಲಿನಲ್ಲಿರುವ ಪ್ರತಿಯೊಂದು ಪ್ರೋಟೀನೂ ಮೊದಲಿನ ಮೌನಕ್ಕೆ ಮರಳಬೇಕು.

ಬೆಂಜೊಪೈರೀನು ಈ ಮನೆಯೊಳಕ್ಕೆ ಸದ್ದಿಲ್ಲದೆ ನುಸುಳುತ್ತದೆ. ಕೋಶದೊಳಗಿನ ಒಂದು ಗ್ರಾಹಕವು ಅದನ್ನು ಹಿಡಿದು ಕೇಂದ್ರಕ್ಕೆ ಒಯ್ದು, ಈ ಪರಕೀಯ ವಸ್ತುವನ್ನು ಕರಗಿಸಿ ಹೊರಹಾಕುವ ಕಿಣ್ವಗಳು ತಯಾರಾಗುವಂತೆ ಮಾಡುತ್ತದೆ. ಆದರೆ ಆ ಕಿಣ್ವಗಳ ಕೆಲಸದ ನಡುವೆಯೇ ಬೆಂಜೊಪೈರೀನು ಮತ್ತಷ್ಟು ಉಗ್ರವಾದ ರೂಪವನ್ನು ತಾಳಿ, ವಂಶವಾಹಿಗಳ ದ್ರವ್ಯವಾದ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಕಳ್ಳನನ್ನು ಹೊರಗಟ್ಟಲು ಬಂದ ಕಾವಲುಗಾರನೇ ಅವನ ಕೈಗೆ ಕತ್ತಿ ಕೊಟ್ಟಂತೆ ಇದು. ಕೋಶವು ಈ ಗಾಯವನ್ನು ಬಹುಮಟ್ಟಿಗೆ ತಾನೇ ಸರಿಪಡಿಸಿಕೊಳ್ಳುತ್ತದೆ. ಸರಿಪಡಿಸುವ ಮೊದಲೇ ವಿಭಜನೆಯಾದರೆ ಮಾತ್ರ ತಪ್ಪು ಶಾಶ್ವತವಾಗಿ ಉಳಿಯುತ್ತದೆ.

ಆ ತಪ್ಪು ಎಲ್ಲಿ ಬಿತ್ತೆಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಸಂಕೇತವಾಹಕ ಪ್ರೋಟೀನುಗಳಲ್ಲಿ ರಾಸ್ ಎಂಬುದೊಂದುಂಟು. ಸಂದೇಶ ಬಂದಾಗ ಹೊತ್ತಿಕೊಂಡು, ಬಳಿಕ ತಾನಾಗಿಯೇ ಆರಿಕೊಳ್ಳುವ ದೀಪದಂತೆ ಅದು ನಡೆಯುತ್ತದೆ. ಅದರ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ತಪ್ಪಿದರೂ ಸಾಕು, ದೀಪವು ಆರುವುದನ್ನು ಮರೆಯುತ್ತದೆ. ಹೊರಗೆ ಯಾರೂ ಬಾಗಿಲು ತಟ್ಟದಿದ್ದರೂ ಒಳಗೆ ಬೆಳೆಯೆಂಬ ಆಜ್ಞೆ ಹೊರಡುತ್ತಲೇ ಇರುತ್ತದೆ. ರಾಸಾಯನಿಕವನ್ನು ಬಳಿದು ಉಂಟುಮಾಡಿದ ಸುಂಡಿಲಿಗಳ ಚರ್ಮದ ಅರ್ಬುದದಲ್ಲಿ ಇದೇ ರಾಸ್ ದೋಷವಿರುವುದನ್ನು 1980ರ ದಶಕದಲ್ಲಿ ಬ್ರಿಟನ್ನಿನ ಸಂಶೋಧಕರು ತೋರಿಸಿಕೊಟ್ಟರು. ಹಾಗೆಯೇ ಪಿ-53 ಎಂಬ ಇನ್ನೊಂದು ಪ್ರೋಟೀನು ಗಾಯಗೊಂಡ ಕೋಶವನ್ನು ತಡೆದು ನಿಲ್ಲಿಸುವ ಕಾವಲುಗಾರ. ಅದು ಕೆಟ್ಟರೆ ತಡೆಯುವವರೇ ಇಲ್ಲ.

ಎಲ್ಲ ದ್ರವ್ಯಗಳೂ ಡಿಎನ್‌ಎಯನ್ನು ಗಾಯಗೊಳಿಸುವುದಿಲ್ಲ. ಹಳ್ಳಿಯ ವೈದ್ಯದಲ್ಲಿ ಭೇದಿಗೆಂದು ಹೆಸರಾದ ಜಾಪಾಳದ ಬೀಜದ ಎಣ್ಣೆಯನ್ನೇ ತೆಗೆದುಕೊಳ್ಳಬಹುದು. ಬೆಂಜೊಪೈರೀನನ್ನು ಒಮ್ಮೆ ಮಾತ್ರ, ಅದೂ ಅತ್ಯಲ್ಪವಾಗಿ, ಬಳಿದ ಇಲಿಯ ಚರ್ಮಕ್ಕೆ ಆಮೇಲೆ ಈ ಎಣ್ಣೆಯನ್ನು ಮತ್ತೆ ಮತ್ತೆ ಬಳಿದರೆ ಗಂಟುಗಳೇಳುತ್ತವೆಂಬುದು 1940ರ ದಶಕದಲ್ಲಿ ತಿಳಿದುಬಂದಿತು. ಒಂದು ದ್ರವ್ಯ ಬೀಜ ಬಿತ್ತುತ್ತದೆ, ಇನ್ನೊಂದು ನೀರೆರೆಯುತ್ತದೆ. ಆ ಎಣ್ಣೆಯ ಸಾರವು ಕೋಶದೊಳಗಿನ ಪ್ರೋಟೀನ್ ಕೈನೇಸ್-ಸಿ ಎಂಬ ಸಂಕೇತವಾಹಕ ಕಿಣ್ವವನ್ನು ನೇರವಾಗಿ ಕೆರಳಿಸುತ್ತದೆಂದು 1982ರಲ್ಲಿ ತೋರಿಸಿದವರು ಜಪಾನಿನವರೇ ಆದ ನಿಶಿಜುಕಾ ಮತ್ತು ಸಂಗಡಿಗರು. ದೀರ್ಘಕಾಲದ ಕೆರಳಿಕೆಯ ಬಗ್ಗೆ ವಿರ್ಖೋ ಅವರು ಆಡಿದ್ದ ಮಾತಿಗೂ, ತಿಂಗಳುಗಟ್ಟಲೆ ಡಾಂಬರು ಬಳಿದ ಯಾಮಾಗಿವ ಅವರ ಸಹನೆಗೂ ಹೀಗೆ ಕೋಶದ ಒಳಗಿನಿಂದಲೇ ಅರ್ಥ ದೊರೆಯಿತು. ಡಾಂಬರಿನಲ್ಲಿ ಬಿತ್ತುವ ದ್ರವ್ಯವೂ ಇತ್ತು, ನೀರೆರೆಯುವ ದ್ರವ್ಯವೂ ಇತ್ತು.

ದಯೆಯ ಪ್ರಶ್ನೆ

ಪ್ರಾಣಿದಯೆಯನ್ನು ಎತ್ತಿಹಿಡಿದ ಶರಣ ಪರಂಪರೆಯಲ್ಲಿ ಬೆಳೆದವರಿಗೆ ಇಲ್ಲೊಂದು ಪ್ರಶ್ನೆ ಏಳದೆ ಇರದು. ಆ ಮೊಲಗಳು ಪಟ್ಟ ನೋವಿಗೆ ಹೊಣೆ ಯಾರು? ಈ ಪ್ರಶ್ನೆಯನ್ನು ಮರೆಮಾಚಿ ಯಾಮಾಗಿವ ಅವರನ್ನು ಹೊಗಳುವುದು ಸತ್ಯಕ್ಕೆ ಎಸಗುವ ಅಪಚಾರ. ಮೂಕಪ್ರಾಣಿಗಳ ಋಣ ವೈದ್ಯವಿಜ್ಞಾನದ ಮೇಲೆ ಇದೆ. ಅದು ಮಾತಿನಿಂದ ತೀರುವಂಥದಲ್ಲ. ಜಪಾನಿನ ಸಂಶೋಧನಾಲಯಗಳಲ್ಲಿ ಪ್ರಯೋಗಕ್ಕೆ ಬಲಿಯಾದ ಪ್ರಾಣಿಗಳಿಗೆ ಶಾಂತಿ ಕೋರುವ ಪದ್ಧತಿಯಿದೆ. ಭಾರತದಲ್ಲಿಯೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ಇಂಥ ಪ್ರಯೋಗಗಳಿಗೆ ಕಟ್ಟುಪಾಡನ್ನು ವಿಧಿಸಿದೆ.

ಆ ಋಣವನ್ನು ಕಡಿಮೆ ಮಾಡುವ ದಾರಿಯೊಂದು 1975ರಲ್ಲಿ ತೆರೆಯಿತು. ಅಮೆರಿಕದ ರೈನ್‌ವಾಲ್ಡ್ ಮತ್ತು ಗ್ರೀನ್ ಎಂಬ ವಿಜ್ಞಾನಿಗಳು ಮನುಷ್ಯರ ಮೇಲ್ಚರ್ಮದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವ ವಿಧಾನವನ್ನು ಪ್ರಕಟಿಸಿದರು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಚರ್ಮದ ತುಣುಕೂ ಈಗ ಅಧ್ಯಯನಕ್ಕೆ ಒದಗುತ್ತದೆ. ಯಾವ ರಾಸಾಯನಿಕವು ಯಾವ ಸಂಕೇತವನ್ನು ಕೆಡಿಸುತ್ತದೆಂಬುದನ್ನು ಆ ಕೋಶಗಳಲ್ಲಿಯೇ ನೋಡಬಹುದು. ಮನುಷ್ಯನ ಚರ್ಮಕೋಶವು ಇಲಿಯ ಕೋಶದಷ್ಟು ಸುಲಭವಾಗಿ ದಾರಿ ತಪ್ಪುವುದಿಲ್ಲ, ಹಲವು ತಪ್ಪುಗಳು ಒಂದರ ಮೇಲೊಂದು ಕೂಡಿದಾಗ ಮಾತ್ರ ಸೋಲುತ್ತದೆ ಎಂಬ ಸಮಾಧಾನದ ಸಂಗತಿಯೂ ಇದರಿಂದ ತಿಳಿದಿದೆ. ಪ್ರಾಣಿಗಳ ಬಳಕೆ ಇನ್ನೂ ಪೂರ್ತಿಯಾಗಿ ನಿಂತಿಲ್ಲ. ಆದರೆ ಅನೇಕ ಪರೀಕ್ಷೆಗಳಲ್ಲಿ ಅದರ ಅಗತ್ಯವೇ ಉಳಿದಿಲ್ಲ.

ಈ ಸೀಮೆಗೆ ಇದರ ಪಾಠ

ದೂರದ ಜಪಾನಿನ ಕಥೆ ಕಾಫಿ ಬೆಟ್ಟಗಳಿಗೆ ಏಕೆ ಎಂದು ಕೇಳುವವರಿಗೆ ಉತ್ತರವು ಹತ್ತಿರದಲ್ಲಿಯೇ ಇದೆ. ಮಲೆನಾಡಿನ ಹಳೆಯ ಅಡಿಗೆಮನೆಗಳ ಅಟ್ಟದಲ್ಲಿ ಕಟ್ಟಿಕೊಳ್ಳುವ ಮಸಿಯು ಪರ್ಸಿವಲ್ ಪಾಟ್ ಕಂಡ ಮಸಿಯ ಬಂಧುವೇ. ಅದು ಚರ್ಮಕ್ಕಿಂತ ಹೆಚ್ಚಾಗಿ ಒಲೆಯ ಮುಂದೆ ಕುಳಿತ ತಾಯಂದಿರ ಶ್ವಾಸಕೋಶಕ್ಕೆ ಶತ್ರು. ಅರೇಬಿಕಾ ಗಿಡಗಳ ಬಿಳಿ ಕಾಂಡಕೊರಕದ ಹಾವಳಿಯನ್ನು ತಡೆಯಲು ಹಿಂದೆ ಲಿಂಡೇನ್ ದ್ರಾವಣವನ್ನು ಕಾಂಡಕ್ಕೆ ಬಳಿಯುತ್ತಿದ್ದ ಕಾಲವಿತ್ತು. 2013ರಿಂದ ಭಾರತದಲ್ಲಿ ಅದರ ಬಳಕೆಗೆ ನಿಷೇಧವಿದೆ. 2015ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅದನ್ನು ಮನುಷ್ಯರಲ್ಲಿ ಅರ್ಬುದಕಾರಕವೆಂದು ಘೋಷಿಸಿತು. ಅದರಿಂದ ಬರುವುದು ಚರ್ಮದ ಅರ್ಬುದವಲ್ಲ, ದುಗ್ಧರಸ ಗ್ರಂಥಿಗಳ ಅರ್ಬುದ. ಆದರೆ ಒಳಗೆ ಪ್ರವೇಶಿಸುವ ಬಾಗಿಲುಗಳಲ್ಲಿ ಚರ್ಮವೂ ಒಂದು. ಅಡಿಕೆಯನ್ನೂ ಅದೇ ಸಂಸ್ಥೆಯು 2004ರಲ್ಲಿ ಪ್ರಕಟವಾದ ವರದಿಯಲ್ಲಿ ಬಾಯಿಯ ಅರ್ಬುದಕ್ಕೆ ಸಂಬಂಧಿಸಿದಂತೆ ಅದೇ ವರ್ಗಕ್ಕೆ ಸೇರಿಸಿತು. ಅಡಿಕೆಯಿಂದಲೇ ಬಾಳುವ ಸೀಮೆಗೆ ಈ ಮಾತು ಕಹಿಯಾದುದು. ಆದರೂ ವಿದ್ಯಾಸಂಸ್ಥೆಗಳು ಇದನ್ನು ಮಕ್ಕಳಿಂದ ಬಚ್ಚಿಡಲಾಗದು. ಇತ್ತ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನಲ್ಲಿದ್ದ ಆರ್ಸೆನಿಕ್‌ನಿಂದ, ಅಂದರೆ ಪಾಷಾಣದಿಂದ, ಜನರ ಚರ್ಮದ ಮೇಲೆ ಕಲೆಗಳೂ ಗಂಟುಗಳೂ ಎದ್ದುದು ನಾಡಿಗೆ ತಿಳಿದ ಸಂಗತಿ. ಅಲ್ಲಿ ಕೆಟ್ಟದ್ದು ನೀರಿನ ಮೂಲವೇ.

ಇವುಗಳಿಂದ ದಿಗಿಲುಗೊಳ್ಳಬೇಕಾಗಿಲ್ಲ. ಯಾಮಾಗಿವ ಅವರ ಮೊಲಗಳಲ್ಲಿ ರೋಗವು ಒಂದು ಬಳಿತದಿಂದ ಬರಲಿಲ್ಲ. ಎಡೆಬಿಡದ ಬಳಿತದಿಂದ ಬಂದಿತು. ನಿಲ್ಲಿಸಿದರೆ ಅನೇಕ ಗಂಟುಗಳು ತಾವಾಗಿ ಕುಗ್ಗುತ್ತವೆಂಬುದೂ ಇಂಥ ಪ್ರಯೋಗಗಳಿಂದ ತಿಳಿದ ಸತ್ಯ. ಔಷಧಿ ಸಿಂಪಡಿಸುವ ಆಳಿಗೆ ಕೈಚೀಲವನ್ನೂ ಮೈತುಂಬ ಬಟ್ಟೆಯನ್ನೂ ಒದಗಿಸುವುದು, ಕೆಲಸ ಮುಗಿದೊಡನೆ ಸಾಬೂನಿನಿಂದ ತೊಳೆಯಿಸುವುದು, ಅಡಿಗೆಮನೆಗೆ ಹೊಗೆ ಹೋಗುವ ದಾರಿ ಮಾಡುವುದು, ತಂಬಾಕನ್ನು ತ್ಯಜಿಸುವುದು, ಮಾಯದ ಹುಣ್ಣು ಕಂಡರೆ ನಾಚದೆ ವೈದ್ಯರಿಗೆ ತೋರಿಸುವುದು, ಇವೆಲ್ಲ ಆ ಪ್ರಯೋಗದಿಂದ ದೊರೆತ ಪ್ರಸಾದವೇ. ತಡವಾಗಿ ಬಂದವರಿಗೂ ಚಿಕಿತ್ಸೆ ನೀಡಲು ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಂಥ ಆಸ್ಪತ್ರೆಗಳಿವೆ. ಬೇಗ ಬಂದವರಿಗೆ ಗುಣವಾಗುವ ಸಾಧ್ಯತೆ ಹೆಚ್ಚು.

ಯಾಮಾಗಿವ ಅವರು ತಮ್ಮ ಪ್ರಯೋಗದ ಪೂರ್ಣಾರ್ಥವನ್ನು ತಿಳಿಯದೆಯೇ ಕಣ್ಮುಚ್ಚಿದರು. ಬೆಂಜೊಪೈರೀನ್ ಎಂಬ ಹೆಸರನ್ನು ಅವರು ಕೇಳಲಿಲ್ಲ. ರಾಸ್ ಎಂಬ ದೀಪವನ್ನು ಅವರು ಕಾಣಲಿಲ್ಲ. ತಮಗೆ ಸಿಗದ ಪಾರಿತೋಷಕವು ತಪ್ಪಾದ ಶೋಧಕ್ಕೆ ಸಂದಿತ್ತೆಂಬುದೂ ಅವರ ಜೀವಿತಕಾಲದಲ್ಲಿ ಸ್ಪಷ್ಟವಾಗಲಿಲ್ಲ. ಎರಡು ಮೂರು ದಿನಗಳಿಗೊಮ್ಮೆ ಮಾಡಬೇಕಾದ ಕೆಲಸವನ್ನು ಅವರೂ ಅವರ ಶಿಷ್ಯರೂ ಒಂದು ದಿನವೂ ಹಗುರವಾಗಿ ಎಣಿಸಲಿಲ್ಲವೆಂಬುದೇ ಅವರ ದೊಡ್ಡಸ್ತಿಕೆ. ಕಾಯಕವೆಂಬ ಮಾತಿನ ತಿರುಳು ಇದೇ ಅಲ್ಲವೇ? ದಿನವೂ ಅದೇ ಪಾಠವನ್ನು ಹೊಸ ಮಕ್ಕಳಿಗೆ ಹೇಳುವ ಉಪಾಧ್ಯಾಯರೂ, ಹೆಸರನ್ನು ಬಯಸದೆ ವಿದ್ಯಾರ್ಥಿಯೊಬ್ಬನ ಊಟದ ವೆಚ್ಚವನ್ನು ಹೊರುವ ದಾನಿಗಳೂ ಮಾಡುತ್ತಿರುವುದು ಅದೇ ಕೆಲಸ. ಅದರ ಫಲವು ಯಾವ ಊರಿನ ಹೊಲವನ್ನು ತಣಿಸುತ್ತದೆಂಬುದನ್ನು ಜಾವಳಿಯ ಒರತೆ ಅರಿಯದು. ಅರಿಯದೆಯೂ ಅದು ಹರಿಯುತ್ತಲೇ ಇದೆ.